ಇಡ್ಲಿ ಸ್ಟ್ಯಾಂಡಿನ ಎದುರು ಎಂಟನೇ ಕ್ಲಾಸು

ಮೊನ್ನೆ ಭಾನುವಾರ ಇಡ್ಲಿ ಮಾಡೋಣವೆಂದು ಅಟ್ಟದಿಂದ ಸ್ಟ್ಯಾಂಡು ಇಳಿಸಿದೆ. ಅದರ ಮೇಲಿನೆರಡು ತಟ್ಟೆಗಳಿಗೆ ಒಂದು ನೀಲಿ ರಬ್ಬರ್ ಬ್ಯಾಂಡು ಇನ್ನೂ ಬಿಗಿಯಾಗಿ ಸುತ್ತಿಕೊಂಡಿತ್ತು. ನಿಮ್ಮ ಮನೆಯ ಇಡ್ಲಿ ಸ್ಟ್ಯಾಂಡಿಗೆ ರಬ್ಬರ್ ಬ್ಯಾಂಡು ಇರಲಾರದು, ಇರಬೇಕಾದ ಕಾರಣವೂ ಇಲ್ಲ. ನಮ್ಮದಕ್ಕೆ ಇದೆ. ನಮ್ಮ ಸ್ಟ್ಯಾಂಡಿನಲ್ಲಿ ಇಡ್ಲಿ ಕೂತಿದ್ದಕ್ಕಿಂತ ಹೆಚ್ಚು ಹೊತ್ತು ಮೊಬೈಲ್ ಫೋನು ಕೂತಿದೆ.

ರಬ್ಬರ್ ಬ್ಯಾಂಡು ಸಮೇತ ಹಬೆಯಲ್ಲಿಟ್ಟರೆ ಏನಾಗುತ್ತದೆಂದು ಕಾರ್ಖಾನೆಯಲ್ಲಿ ನಲವತ್ತು ವರ್ಷ ಕಳೆದವನಿಗೆ ಗೊತ್ತಿರಬೇಕು. ಗೊತ್ತಿತ್ತು. ಆದರೂ ಬಿಚ್ಚಲು ಕೈ ಬರಲಿಲ್ಲ. ಅದನ್ನು ಸುತ್ತಿದವಳು ವನಜಾ. ಅವಳು ಹೋಗಿ ಏಳು ತಿಂಗಳಾಯಿತು.

ವನಜಾ ನನ್ನ ಹೆಂಡತಿ. ಯಲಹಂಕದ ಕಡೆಯ ಒಂದು ಬಿ.ಎಡ್. ಕಾಲೇಜಿನಲ್ಲಿ ಉಪನ್ಯಾಸಕಿಯಾಗಿದ್ದಳು. ಗಣಿತ ಕಲಿಸುತ್ತಿದ್ದಳು ಎಂದರೆ ತಪ್ಪಾಗುತ್ತದೆ. ಮಕ್ಕಳಿಗೆ ಗಣಿತ ಕಲಿಸಲಿರುವವರಿಗೆ, ಹೇಗೆ ಕಲಿಸಬೇಕು ಅನ್ನುವುದನ್ನು ಕಲಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಇದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಗಣಿತ ಮಾತ್ರ ಎರಡನೇ ಸಲಕ್ಕೆ ಪಾಸು. ಆಮೇಲೆ ಪೀಣ್ಯದಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತವನು ನಿವೃತ್ತಿಯವರೆಗೂ ನಿಂತೇ ಇದ್ದೆ. ಟಿ. ದಾಸರಹಳ್ಳಿಯ ನಮ್ಮ ಎರಡು ರೂಮಿನ ಮನೆಯಲ್ಲಿ ಓದಿದವಳು ಅವಳು, ನಿಂತವನು ನಾನು.

ಈ ಶಿಕ್ಷಕರ ಶಿಕ್ಷಣದಲ್ಲಿ ಒಂದು ವಿಚಿತ್ರ ಪದ್ಧತಿಯಿದೆ. ಮೇಷ್ಟ್ರಾಗಲಿರುವವರನ್ನು ನಿಜವಾದ ಮಕ್ಕಳ ಎದುರು ಬಿಡುವ ಮೊದಲು ಅವರವರಲ್ಲೇ ಆಟವಾಡಿಸುತ್ತಾರೆ. ಒಬ್ಬರು ಟೀಚರ್, ಉಳಿದವರೆಲ್ಲ ಎಂಟನೇ ಕ್ಲಾಸಿನ ಮಕ್ಕಳು. ಮೀಸೆ ಬಿಟ್ಟವರು, ಮನೆಯಲ್ಲಿ ಎರಡು ಮಕ್ಕಳಿರುವವರು, ಎಲ್ಲರೂ ಬೆಂಚಿನ ಮೇಲೆ ಕೂತು ಒಂದೇ ರಾಗದಲ್ಲಿ ‘ಎಸ್ ಮಿಸ್’ ಅನ್ನುತ್ತಾರೆ. ಇದಕ್ಕೆ ಸೂಕ್ಷ್ಮ ಬೋಧನೆ ಎಂದು ಹೆಸರು. ವನಜಾ ಮರೆತು ಹೋದ ಊಟದ ಡಬ್ಬಿ ಕೊಡಲು ನಾನು ಒಮ್ಮೆ ಕಾಲೇಜಿಗೆ ಹೋದಾಗ, ನಲವತ್ತರ ಆಸುಪಾಸಿನ ಒಬ್ಬರು ಎದ್ದು ನಿಂತು ಕಿರುಬೆರಳು ತೋರಿಸುತ್ತಿದ್ದರು. ಟೀಚರಾಗಿದ್ದ ಹುಡುಗಿ, ಶಿಸ್ತು ಕಾಪಾಡುವ ಕೌಶಲಕ್ಕೆ ಅಂಕವಿದೆಯೆಂದು, ಗದರಿ ಕೂರಿಸಿದಳು. ಪಾಪ, ಅವರಿಗೆ ನಿಜವಾಗಿಯೂ ಅವಸರವಿತ್ತಂತೆ.

ರೋಗದ ಕಾಲದಲ್ಲಿ ಕಾಲೇಜು ಮುಚ್ಚಿದಾಗ ಈ ಆಟಕ್ಕೆ ಮಕ್ಕಳಿಲ್ಲದಂತಾಯಿತು. ಪ್ರಶಿಕ್ಷಣಾರ್ಥಿಗಳು ಅವರವರ ಮನೆಯಿಂದ ವಿಡಿಯೊ ಕಾಲಿನಲ್ಲಿ ಪಾಠ ಮಾಡಬೇಕು, ಈ ಕಡೆ ಯಾರಾದರೂ ಮಗುವಾಗಿ ಕೂರಬೇಕು. ನಮಗೆ ಮಕ್ಕಳಿಲ್ಲ. ವನಜಾ ಮನೆಯೆಲ್ಲ ಒಮ್ಮೆ ನೋಡಿದಳು. ಮನೆಯಲ್ಲಿದ್ದದ್ದು ನಾನು, ಒಂದು ಅಕ್ಕಿ ಡಬ್ಬಿ, ಇಡ್ಲಿ ಸ್ಟ್ಯಾಂಡು. ಮೂವರಿಗೂ ಕೆಲಸ ಸಿಕ್ಕಿತು. ಅಕ್ಕಿ ಡಬ್ಬಿಯ ಮೇಲೆ ಸ್ಟ್ಯಾಂಡು, ಸ್ಟ್ಯಾಂಡಿನ ತಟ್ಟೆಗಳ ನಡುವೆ ಫೋನು, ಫೋನು ಜಾರದಂತೆ ರಬ್ಬರ್ ಬ್ಯಾಂಡು, ಅದರೆದುರು ಕೈಕಟ್ಟಿ ಕೂತ ಎಂಟನೇ ಕ್ಲಾಸು. ಕಾಲೇಜು ಮತ್ತೆ ತೆರೆದ ಮೇಲೂ ಈ ವಿಡಿಯೊ ಪಾಠ ನಿಲ್ಲಲಿಲ್ಲ. ತಂತ್ರಜ್ಞಾನ ಅಳವಡಿಕೆ ಎಂಬ ಹೊಸ ಕಾಲಂ ಬಂದಿತ್ತಂತೆ, ಅದರಲ್ಲಿ ನಾನು ಬರುತ್ತಿದ್ದೆ.

ಬೋಧನೋಪಕರಣವಾಗುವುದು ನನಗೆ ಹೊಸದೇನಲ್ಲ. ನಾನು ಓದಿದ್ದು ಹೆಸರಘಟ್ಟದ ಆಚೆಯ ಹಳ್ಳಿಯ ಶಾಲೆಯಲ್ಲಿ. ನಮ್ಮ ಗಣಿತದ ಮೇಷ್ಟ್ರ ಬಳಿ ಕಪ್ಪುಹಲಗೆಗೆ ಹಾಕುವ ಕೈವಾರ ಇರಲಿಲ್ಲ. ವೃತ್ತದ ಪಾಠ ಬಂದಾಗ ನನ್ನನ್ನು ಅಂಗಳದ ನಡುವೆ ನಿಲ್ಲಿಸಿ, ಬಾವಿ ಹಗ್ಗದ ಒಂದು ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಓಟದಲ್ಲಿ ಚುರುಕಾದ ಹುಡುಗನ ಕೈಗೆ ಕೊಟ್ಟರು. ಅವನು ಸುಣ್ಣದ ಪುಡಿ ಚೆಲ್ಲುತ್ತ ಸುತ್ತಲೂ ಓಡಿದ. ಹಗ್ಗ ನನ್ನನ್ನು ಸುತ್ತಿಕೊಳ್ಳುತ್ತ ಬಂದು ವೃತ್ತ ಸಣ್ಣದಾಗುತ್ತ ಹೋಯಿತು. ಮೇಷ್ಟ್ರು ನೆರಳಲ್ಲಿ ನಿಂತು, “ಇಂಗೇ ನಿಂತ್ಕೊ, ಅಲ್ಲಾಡಬ್ಯಾಡ ಕಣ್ಲಾ, ನೀನು ಕೇಂದ್ರಬಿಂದು” ಅಂದರು. ವೃತ್ತವೆಂದರೆ ಶಂಖದ ಹುಳುವಿನ ಬೆನ್ನಿನ ಹಾಗಿರುತ್ತದೆಂದು ನಮ್ಮ ಕ್ಲಾಸಿನವರು ಬಹಳ ದಿನ ನಂಬಿದ್ದೆವು. ಈ ಕಥೆ ಕೇಳಿ ವನಜಾ ನಕ್ಕಿದ್ದಕ್ಕಿಂತ ಹೆಚ್ಚಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮಗುವಾಗಿ ಕೂರಲು ಅವಳ ಷರತ್ತು ಒಂದೇ. ಮಧ್ಯದಲ್ಲಿ ಎಲ್ಲಾದರೂ ತಪ್ಪು ಉತ್ತರ ಹೇಳಬೇಕು. ಮಗು ತಪ್ಪದಿದ್ದರೆ ಟೀಚರ್ ತಿದ್ದುವುದನ್ನು ನೋಡುವುದು ಹೇಗೆ? “ರೀ, ನೀವು ಆ್ಯಕ್ಟಿಂಗ್ ಮಾಡ್ಬೇಡಿ, ನಿಮಗೆ ತೋಚಿದ್ದು ಹೇಳಿ ಸಾಕು” ಅನ್ನುತ್ತಿದ್ದಳು. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಹಾಗೆ ಒಂದು ದಿನ ಆರ್.ಟಿ. ನಗರದ ನಸ್ರೀನ್ ಎಂಬ ಹುಡುಗಿ ತ್ರಿಕೋನದ ಪಾಠ ಮಾಡಿದಳು. ಮೂರು ಕೋನಗಳನ್ನು ಕೂಡಿದರೆ ನೂರೆಂಬತ್ತು ಡಿಗ್ರಿ ಎಂದು ಬೋರ್ಡಿನ ಮೇಲೆ ಬರೆದು, ಏನಾದರೂ ಸಂಶಯವಿದೆಯಾ ಎಂದು ಕೇಳಿದಳು. ನಾನು ಎದ್ದು ನಿಂತು, “ಮಿಸ್, ಅದು ದೊಡ್ಡ ತ್ರಿಕೋನಕ್ಕೆ. ಸಣ್ಣ ತ್ರಿಕೋನಕ್ಕೆ ಸ್ವಲ್ಪ ಕಮ್ಮಿ ಬರುತ್ತಲ್ವಾ?” ಎಂದೆ.

ತೋಚಿದ್ದನ್ನೇ ಹೇಳಿದ್ದೆ. ಆ ವರ್ಷ ಕಾಲೇಜಿನಲ್ಲಿ ಇನ್ನೊಂದು ನಿಯಮವಿತ್ತು. ಪ್ರತಿಯೊಬ್ಬರೂ ಒಂದು ಶೈಕ್ಷಣಿಕ ವಿಡಿಯೊ ಮಾಡಿ ಸೋಷಿಯಲ್ ಮೀಡಿಯಾಕ್ಕೆ ಹಾಕಬೇಕು, ಬಂದ ಲೈಕುಗಳ ಚಿತ್ರವನ್ನು ರೆಕಾರ್ಡು ಪುಸ್ತಕಕ್ಕೆ ಅಂಟಿಸಬೇಕು. ನಸ್ರೀನ್ ನನ್ನ ಮಾತಿನಷ್ಟನ್ನೇ ಕತ್ತರಿಸಿ, ಹಿಂದೆ ತಮಟೆಯ ಸದ್ದು ಸೇರಿಸಿ ರೀಲ್ಸ್ ಮಾಡಿ ಹಾಕಿಬಿಟ್ಟಳು. ಎರಡೇ ದಿನದಲ್ಲಿ ನಾಗಸಂದ್ರದ ಮೆಟ್ರೋ ಮೆಟ್ಟಿಲ ಮೇಲೆ ಇಬ್ಬರು ಕಾಲೇಜು ಹುಡುಗರು ನನ್ನನ್ನು ತಡೆದರು. “ಮಗಾ, ಸಣ್ಣ ತ್ರಿಕೋನ ಅಂಕಲ್ ಕಣೋ” ಅಂದ ಒಬ್ಬ. ಇನ್ನೊಬ್ಬ ಸೆಲ್ಫಿ ತೆಗೆದುಕೊಂಡ. ನಲವತ್ತು ವರ್ಷ ಒಂದೂ ಪೀಸು ಕೆಡಿಸದೆ ಕೆಲಸ ಮಾಡಿದಾಗ ಯಾರೂ ನನ್ನ ಜೊತೆ ಫೋಟೋ ತೆಗೆಸಿಕೊಂಡಿರಲಿಲ್ಲ.

ನಸ್ರೀನ್ ಹೆದರಿ ಫೋನು ಮಾಡಿ ಅತ್ತಳು. ವನಜಾಗೆ ಸಿಟ್ಟು ಬಂದಿತ್ತು, ಆದರೆ ಗಂಡನನ್ನು ನಗೆಪಾಟಲು ಮಾಡಿದಳೆಂದಲ್ಲ. “ತಪ್ಪನ್ನ ಹಾಕಿದೀಯಲ್ಲ, ತಿದ್ದಿದ್ದು ಎಲ್ಲಮ್ಮಾ? ತಿದ್ದದೇ ಬಿಟ್ರೆ ಅದು ಪಾಠ ಅಲ್ಲ, ಚಾಡಿ” ಅಂದಳು. ನಸ್ರೀನ್ ಎರಡನೇ ಭಾಗವನ್ನೂ ಹಾಕಬೇಕಾಯಿತು. ಕಾಗದದ ಸಣ್ಣ ತ್ರಿಕೋನವೊಂದರ ಮೂರು ಮೂಲೆ ಹರಿದು ಜೋಡಿಸಿ ನೆಟ್ಟಗಿನ ಗೆರೆ ಮಾಡಿ ತೋರಿಸುವ ವಿಡಿಯೊ. ಅದನ್ನು ಒಂಬತ್ತು ಸಲ ನೋಡಲಾಗಿತ್ತು. ಅದರಲ್ಲಿ ಐದು ಸಲ ನಾನು.

ಆ ಸಂಜೆ ವನಜಾ ನನ್ನ ಹಳೆಯ ಪೆಟ್ಟಿಗೆಯಿಂದ ಒಂದು ಚಿಕ್ಕ ಬೋಲ್ಟು, ಒಂದು ದೊಡ್ಡ ಬೋಲ್ಟು ತೆಗೆದು ಮೇಜಿನ ಮೇಲಿಟ್ಟಳು. ಬೋಲ್ಟಿನ ಮೈಮೇಲೆ ಸುತ್ತಿಕೊಂಡು ಹೋಗುವ ಗೀರು, ನಾವು ಥ್ರೆಡ್ಡು ಅನ್ನುವುದು, ಅದರ ಕೋನ ಎಷ್ಟು ಎಂದು ಕೇಳಿದಳು. ಅರವತ್ತು ಎಂದೆ. ಚಿಕ್ಕದಕ್ಕೆ? ಅರವತ್ತೇ, ಬೋಲ್ಟು ಚಿಕ್ಕದಾದರೆ ಕೋನ ಯಾಕೆ ಚಿಕ್ಕದಾಗುತ್ತೆ, ಎಂದು ಅವಳಿಗೇ ಬುದ್ಧಿ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ. “ನೋಡಿದ್ರಾ, ನಿಮ್ಮ ಕೈಗೆ ಗೊತ್ತಿದೆ, ಬಾಯಿಗೆ ಗೊತ್ತಿಲ್ಲ” ಅಂದಳು. ಆಮೇಲೆ ಪ್ರತಿ ತಂಡಕ್ಕೂ ನನ್ನ ಉದಾಹರಣೆ ಕೊಡುತ್ತಿದ್ದಳಂತೆ. ಮನೆಯಲ್ಲಿ ಹೇಳಿರಲಿಲ್ಲ.

ಇನ್ನು ಆ ವಾಟ್ಸಾಪ್ ಗುಂಪಿನ ವಿಷಯ. ‘ಗಣಿತ ವಿಧಾನ’ ಎಂದು ಅದರ ಹೆಸರು, ವನಜಾ ಒಬ್ಬಳೇ ಅಡ್ಮಿನ್. ಪ್ರಶಿಕ್ಷಣಾರ್ಥಿಗಳು ಶಾಲೆಗೆ ಹೋಗಿ ಪಾಠ ಮಾಡುವ ಮೊದಲು ಪಾಠಯೋಜನೆ ಬರೆದು ಅದಕ್ಕೆ ಹಾಕಬೇಕು, ಅವಳು ಓದಿ ‘ನೋಡಿದೆ’ ಎಂದು ಬರೆಯಬೇಕು, ಆ ‘ನೋಡಿದೆ’ಯ ಚಿತ್ರ ತೆಗೆದು ರೆಕಾರ್ಡಿಗೆ ಅಂಟಿಸಿದರೆ ಮಾತ್ರ ಕ್ಲಾಸು. ಆದರೆ ಪಾಠಯೋಜನೆಗಳಿಗಿಂತ ಗುಡ್ ಮಾರ್ನಿಂಗ್ ಗುಲಾಬಿಗಳೇ ಹೆಚ್ಚು ಬರತೊಡಗಿದಾಗ, ಬೇಕಾದಾಗ ತೆರೆದು ಉಳಿದಂತೆ ಅಡ್ಮಿನ್ ಮಾತ್ರ ಸಂದೇಶ ಕಳುಹಿಸಬಹುದು ಎಂದು ಬೀಗ ಹಾಕಿಬಿಡುತ್ತಿದ್ದಳು. ನನ್ನನ್ನೂ ಗುಂಪಿಗೆ ಸೇರಿಸಿಕೋ, ನಾನೂ ಎಂಟನೇ ಕ್ಲಾಸಲ್ಲವೇ ಎಂದು ಒಮ್ಮೆ ಕೇಳಿದ್ದೆ. “ನಿಮ್ಮಂಥೋರಿಗೇ ನಾನು ಬೀಗ ಹಾಕಿರೋದು” ಅಂದಳು. ನಿಜ. ನಿವೃತ್ತಿಯಾದ ಮೇಲೆ ನನಗೂ ಆ ಚಟ ಅಂಟಿತ್ತು. ದಿನಾ ಬೆಳಗ್ಗೆ ನಡುಮನೆಯಲ್ಲಿ ಕೂತು, ಅಡುಗೆಮನೆಯಲ್ಲಿದ್ದ ಅವಳಿಗೆ ಇಬ್ಬನಿ ಬಿದ್ದ ಗುಲಾಬಿಯೊಂದನ್ನು ಕಳಿಸುತ್ತಿದ್ದೆ.

ಅವಳು ಹೋದದ್ದು ಒಂದು ಮಂಗಳವಾರ ಮಧ್ಯಾಹ್ನ. ರೆಕಾರ್ಡು ತಿದ್ದುತ್ತಿದ್ದವಳು ಭುಜ ಹಿಡಿದಿದೆ ಎಂದಳು. ಆಟೊದಲ್ಲಿ ನನ್ನ ಹೆಗಲಿಗೆ ಒರಗಿದಳು. ಅದನ್ನು ಬರೆಯಲು ನಾನು ಹೊರಟಿಲ್ಲ, ಬರೆಯಲು ಬರುವುದೂ ಇಲ್ಲ.

ಮೂರನೇ ದಿನ ಕಾಲೇಜಿನ ಪ್ರಾಂಶುಪಾಲರು ಬಂದರು. ಒಳ್ಳೆಯ ಮನುಷ್ಯರು, ಯಾವುದನ್ನೂ ದಾಖಲೆಯಿಲ್ಲದೆ ನಂಬುವುದಿಲ್ಲ ಅಷ್ಟೇ. ಪಕ್ಕದ ಮನೆಯವರು ತಂದ ಕಾಫಿ ಕುಡಿದರು. ಆಮೇಲೆ, ಮೇಡಂ ತೀರಿಕೊಂಡ ವಿಷಯವನ್ನು ಅಧಿಕೃತ ಗುಂಪಿನಲ್ಲಿ ತಿಳಿಸಲು ಆಗುತ್ತಿಲ್ಲ, ಅದಕ್ಕೆ ಮೇಡಂ ಅವರೇ ಅನುಮತಿ ಕೊಡಬೇಕಾಗಿದೆ ಎಂದರು. ನನಗೆ ಒಂದು ಕ್ಷಣ ತಿಳಿಯಲಿಲ್ಲ. ಅವಳು ಬೀಗ ಹಾಕಿ ಹೋಗಿದ್ದಳು.

ಫೋನು ತಂದೆ. ತೆರೆಯುವುದು ನನಗೆ ಗೊತ್ತಿತ್ತು, ಚುಕ್ಕಿಗಳ ಮೇಲೆ ಒಂದು ತ್ರಿಕೋನ ಎಳೆದರೆ ಆಯಿತು. ಪ್ರಾಂಶುಪಾಲರು ತೋರಿಸಿದಲ್ಲಿ ಒತ್ತಿದೆ, ಬೀಗ ತೆಗೆಯಿತು. ಅದೇ ತಡ, ಎರಡು ದಿನದಿಂದ ತಡೆದಿಟ್ಟುಕೊಂಡಿದ್ದವರೆಲ್ಲ ಒಟ್ಟಿಗೆ ಓಂ ಶಾಂತಿ ಕಳಿಸಿದರು. ಫೋನು ಮೇಜಿನ ಮೇಲೆ ಗುರ್ ಗುರ್ ಎನ್ನುತ್ತ ತಾನೇ ನಡೆದುಕೊಂಡು ಹೋಗಿ ಅಂಚಿನಿಂದ ಕೆಳಗೆ ಬಿತ್ತು. ಎತ್ತಿಕೊಂಡು ನೋಡಿದರೆ ಓಂ ಶಾಂತಿಗಳ ನಡುವೆ ಒಬ್ಬರು, ‘ಮೇಡಂ, ಭಿನ್ನರಾಶಿ ಪಾಠಯೋಜನೆ ಲಗತ್ತಿಸಿದೆ, ದಯವಿಟ್ಟು ನೋಡಿ’ ಎಂದು ಬರೆದಿದ್ದರು. ಮೇಲಿನದನ್ನು ಓದಿರಲಿಲ್ಲವೆಂದು ಕಾಣುತ್ತದೆ.

ಆಗಲೇ ನಾನು ಇನ್ನೊಂದನ್ನೂ ನೋಡಿದ್ದು. ವಾಟ್ಸಾಪ್ ಪಟ್ಟಿಯಲ್ಲಿ ಗುಂಪಿನ ಕೆಳಗೆ ನನ್ನ ಹೆಸರಿತ್ತು, ಹೆಸರಿನ ಪಕ್ಕದಲ್ಲಿ ಅಡ್ಡಗೆರೆ ಹೊಡೆದ ಗಂಟೆಯ ಗುರುತು. ಅವಳು ನನ್ನನ್ನು ಮ್ಯೂಟ್ ಮಾಡಿದ್ದಳು. ಎಷ್ಟು ಕಾಲಕ್ಕೆ ಎಂದು ಒತ್ತಿ ನೋಡಿದೆ. ‘ಯಾವಾಗಲೂ’ ಎಂದಿತ್ತು.

ಮುಂದಿನ ವಾರ ಕಾಲೇಜಿನಲ್ಲಿ ಶ್ರದ್ಧಾಂಜಲಿ. ಹಿಂದೆ ಬ್ಯಾನರು ಕಟ್ಟಿದ್ದರು. ‘ಒಂದು ದಿನದ ಶ್ರದ್ಧಾಂಜಲಿ ಕಾರ್ಯಕ್ರಮ’ ಎಂದು ಬರೆದಿತ್ತು, ಎರಡನೇ ದಿನ ಇರುವುದಿಲ್ಲವೆಂದು ಯಾರಿಗೂ ಅನುಮಾನ ಬರದಂತೆ. ಇಂಥ ಕಾರ್ಯಕ್ರಮಗಳಿಗೆಲ್ಲ ಈಗ ಊರು, ದಿನ, ಹೊತ್ತು ತಾನಾಗಿ ಮೂಡುವ ಫೋಟೋ ಬೇಕಂತೆ, ಪರಿಶೀಲನಾ ಸಮಿತಿಗೆ ತೋರಿಸಲು. ಎರಡು ನಿಮಿಷ ಮೌನಾಚರಣೆ ಮಾಡಿದೆವು. ಕಣ್ಣು ಬಿಟ್ಟಾಗ ಫೋಟೋ ತೆಗೆಯುತ್ತಿದ್ದವರು ಪ್ರಾಂಶುಪಾಲರ ಕಿವಿಯಲ್ಲಿ ಏನೋ ಹೇಳಿದರು. ಫೋಟೋದಲ್ಲಿ ಸ್ಥಳ ಹೆಸರಘಟ್ಟ ಎಂದು ಮೂಡಿತ್ತು. ಇನ್ನೊಮ್ಮೆ ಎರಡು ನಿಮಿಷ ಮೌನ ಆಚರಿಸಿದೆವು. ಎರಡನೇ ಮೌನ ಮೊದಲಿನದಕ್ಕಿಂತ ಚೆನ್ನಾಗಿ ಬಂತು.

ಮನೆಗೆ ಬರುವಷ್ಟರಲ್ಲಿ ಹಿಮ್ಮಾಹಿತಿ ನಮೂನೆ ಬಂದಿತ್ತು. ಕಾರ್ಯಕ್ರಮ ನಿಮಗೆ ಎಷ್ಟು ಉಪಯುಕ್ತವಾಯಿತು? ಸಮಯ ಪಾಲನೆ ಹೇಗಿತ್ತು? ಇಂಥ ಕಾರ್ಯಕ್ರಮಗಳು ಇನ್ನೂ ಹೆಚ್ಚು ನಡೆಯಬೇಕೆ? ಕೊನೆಯದಕ್ಕೆ ‘ಬೇಡ’ ಎಂದು ಒತ್ತಿದೆ. ನಮೂನೆ ಒಪ್ಪಲಿಲ್ಲ, ಕಾರಣ ಬರೆಯಿರಿ ಎಂದಿತು. ಬರೆಯದೆ ಮುಚ್ಚಿದೆ. ಆದರೂ ಸಂಜೆ ಪ್ರಮಾಣಪತ್ರ ಬಂತು, ಸಕ್ರಿಯವಾಗಿ ಭಾಗವಹಿಸಿದ್ದಕ್ಕಾಗಿ. ವನಜಾಳ ಫೋನಿಗೂ ಒಂದು ಬಂತು. ಅದರಲ್ಲಿ ಅವಳನ್ನು ಸಂಪನ್ಮೂಲ ವ್ಯಕ್ತಿ ಎಂದು ಬರೆದಿದ್ದರು. ಯೋಚಿಸಿ ನೋಡಿದರೆ ತಪ್ಪೇನಿಲ್ಲ. ಅವಳಿಲ್ಲದೆ ಆ ಕಾರ್ಯಕ್ರಮ ನಡೆಯುತ್ತಿರಲಿಲ್ಲ.

ಅವಳ ಜಾಗಕ್ಕೆ ಯಾರೂ ಬಂದಿರಲಿಲ್ಲ. ಪ್ರಶಿಕ್ಷಣಾರ್ಥಿಗಳು ಶಾಲೆಗಳಿಗೆ ಪಾಠಕ್ಕೆ ಹೋಗುವ ಕಾಲ. ಪ್ರಾಂಶುಪಾಲರು ಗುಂಪಿನಲ್ಲಿ ಒಂದು ಸೂಚನೆ ಹಾಕಿದರು, ಪಾಠಯೋಜನೆಗಳನ್ನು ಎಂದಿನಂತೆ ಇದೇ ಗುಂಪಿಗೆ ಕಳುಹಿಸುವುದು, ಎಂದಿನಂತೆ ಅನುಮತಿ ಪಡೆದೇ ತರಗತಿಗೆ ಹೋಗುವುದು. ಹಳೆಯ ಸೂಚನೆಯನ್ನೇ ಮತ್ತೆ ಕಳಿಸಿದ್ದರು. ಹುಡುಗರು ಎಂದಿನಂತೆ ಕಳಿಸಿದರು. ಎಂದಿನಂತೆ ಕಾದರು.

ಎರಡು ದಿನ ಬಿಟ್ಟು ನಸ್ರೀನ್ ಫೋನು ಮಾಡಿದಳು. ಸೋಮವಾರ ಯಲಹಂಕದ ಶಾಲೆಯಲ್ಲಿ ಅವಳ ಪಾಠ, ಅದೇ ತ್ರಿಕೋನ. ‘ನೋಡಿದೆ’ ಇಲ್ಲದೆ ಹೋದರೆ ಪಾಠ ಲೆಕ್ಕಕ್ಕಿಲ್ಲ, ಮುಂದೆ ಶಾಲೆಯವರಿಗೆ ಪರೀಕ್ಷೆ, ಪೀರಿಯಡ್ಡು ಸಿಗುವುದಿಲ್ಲ, ಸೆಮಿಸ್ಟರ್ ಹೋಗುತ್ತದೆ. ಯಾರನ್ನು ಕೇಳಿದರೂ ಇನ್ನೊಬ್ಬರನ್ನು ಕೇಳಿ ಅನ್ನುತ್ತಾರಂತೆ. “ಅಂಕಲ್, ಮೇಡಂ ಫೋನ್ ನಿಮ್ಮತ್ರಾನೇ ಇದೆಯಲ್ಲಾ” ಅಂದಳು.

ಫೋನು ತೆರೆದು ಅವಳ ಪಾಠಯೋಜನೆ ಓದಿದೆ. ‘ನೋಡಿದೆ’ ಎಂದು ಬರೆದೆ. ಸುಳ್ಳಲ್ಲ, ನೋಡಿದ್ದೆ.

ಅರ್ಧ ಗಂಟೆಯಲ್ಲಿ ಇನ್ನೂ ನಾಲ್ಕು ಬಂದವು. ಮರುದಿನ ಏಳು. ‘ನೋಡಿದೆ’ ಎಂದು ಬರೆದ ಕೂಡಲೇ ‘ಥ್ಯಾಂಕ್ಯೂ ಮೇಡಂ’ ಎಂದು ಉತ್ತರ ಬರುತ್ತಿತ್ತು. ಉತ್ತರ ಒತ್ತುತ್ತಿರುವವನು ಯಾರೆಂದು ಹದಿನೆಂಟು ಜನಕ್ಕೂ ಗೊತ್ತಿತ್ತು. ಮೌನಾಚರಣೆಯಲ್ಲಿ ಎರಡು ಸಲ ನನ್ನ ಪಕ್ಕ ನಿಂತವರೇ. ಆದರೂ ಮೇಡಂ. ಒಬ್ಬನಂತೂ, ಜ್ವರ ಇದೆ ಮೇಡಂ, ನಾಳೆ ಕೊಡಲಾ ಎಂದು ಕೇಳಿದ. ಸರಿ, ಬಿಸಿನೀರು ಕುಡಿ ಎಂದು ಬರೆದೆ. ವನಜಾ ಹಾಗೆ ಬರೆಯುತ್ತಿರಲಿಲ್ಲ, ಅದು ನನ್ನ ತಪ್ಪು.

ಮೊದಮೊದಲು ಸುಮ್ಮನೆ ‘ನೋಡಿದೆ’ ಎಂದಷ್ಟೇ ಬರೆಯುತ್ತಿದ್ದೆ. ಆಮೇಲೆ ಕೈ ತಡೆಯಲಿಲ್ಲ. ಓದುತ್ತ ಹೋದಂತೆ ಎಂಟನೇ ಕ್ಲಾಸಿಗೆ ತೋಚಿದ್ದನ್ನು ಕೇಳುತ್ತಿದ್ದೆ. ಸೊನ್ನೆಯಿಂದ ಭಾಗಿಸಬಾರದು ಅಂದರೆ ಭಾಗಿಸಿದರೆ ಯಾರು ಬಯ್ಯುತ್ತಾರೆ? ಎಕ್ಸ್ ಅಂತ ಯಾಕೆ, ಕ ಅಂತ ಇಟ್ಟರೆ ಲೆಕ್ಕ ಬರುವುದಿಲ್ಲವಾ? ನಸ್ರೀನ್‌ಗೆ, ಒಂದು ಚಿಕ್ಕ ಬೋಲ್ಟು ಒಂದು ದೊಡ್ಡ ಬೋಲ್ಟು ಕ್ಲಾಸಿಗೆ ತಗೊಂಡು ಹೋಗು ಎಂದು ಬರೆದೆ. ಅವಳು ದಾಸರಹಳ್ಳಿಗೇ ಬಂದು ನನ್ನ ಪೆಟ್ಟಿಗೆಯಿಂದ ಒಯ್ದಳು.

ಆ ಮೂರು ವಾರ ನನ್ನ ಮನೆಯಲ್ಲಿ ಬೆಳಗಾಗುವುದಕ್ಕೆ ಒಂದು ಕಾರಣವಿತ್ತು. ಎದ್ದ ಕೂಡಲೇ ವನಜಾಳ ಫೋನು ಗುರ್ ಎನ್ನುತ್ತಿತ್ತು. ಯಾರೋ ಅವಳನ್ನು ಕೇಳುತ್ತಿದ್ದರು, ಅವಳ ಹೆಸರಿನಲ್ಲಿ ಉತ್ತರ ಹೋಗುತ್ತಿತ್ತು. ಅವಳು ಊಟದ ಡಬ್ಬಿ ಮರೆತು ಕಾಲೇಜಿಗೆ ಹೋದಷ್ಟೇ ಆಗಿತ್ತು.

ನಾಲ್ಕನೇ ವಾರ ಪ್ರಾಂಶುಪಾಲರು ಬರಹೇಳಿದರು. ಅವರ ಮೇಜಿನ ಮೇಲೆ ಹದಿನೆಂಟು ರೆಕಾರ್ಡುಗಳಿದ್ದವು. ಹೊಸದಾಗಿ ಬಂದ ಉಪನ್ಯಾಸಕಿಯೂ ಇದ್ದರು. ಸವಿತಾ ಎಂದು, ಕಲಬುರಗಿ ಕಡೆಯವರು, ಕೆಲಸಕ್ಕೆ ಸೇರಿ ಎರಡೇ ದಿನ. ಮುಂದಿನ ವಾರ ಪರಿಶೀಲನಾ ಸಮಿತಿ ಬರುತ್ತದೆ, ಪ್ರತಿ ರೆಕಾರ್ಡಿನಲ್ಲೂ ಮೇಡಂ ತೀರಿಹೋದ ಮೇಲಿನ ದಿನಾಂಕದಲ್ಲಿ ಮೇಡಂ ಅನುಮತಿ ಇದೆ, ಹೀಗೇ ಬಿಟ್ಟರೆ ಹದಿನೆಂಟು ಜನರ ಪಾಠಗಳೂ ಬಿದ್ದುಹೋಗುತ್ತವೆ ಎಂದು ಪ್ರಾಂಶುಪಾಲರು ವಿವರಿಸಿದರು. ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು.

“ಸಾರ್, ತಪ್ಪು ತಿಳ್ಕೋಬೇಡಿ. ಮೇಡಂ ತೀರ್ಕೊಂಡ ದಿನಾಂಕನ ನಮ್ಮ ಫೈಲಲ್ಲಿ ಮಾತ್ರ ಒಂದು ಮೂವತ್ತು ದಿನ ಮುಂದಕ್ಕೆ ಹಾಕ್ಕೋಬೋದಾ?”

ಅವರು ತಮಾಷೆ ಮಾಡುತ್ತಿರಲಿಲ್ಲ. ನಾನೂ ಮಾಡಲಿಲ್ಲ.

“ಮೂವತ್ತು ದಿನ ಸಿಗೋದಾದ್ರೆ ಫೈಲಲ್ಲಿ ಮಾತ್ರ ಯಾಕೆ ಸಾರ್” ಎಂದೆ. “ನಮ್ಮನೇಲೂ ಹಾಕ್ಕೊಳ್ಳೋಣ.”

ಪ್ರಾಂಶುಪಾಲರೇ ಪೆನ್ನು ಕೆಳಗಿಟ್ಟು, ಆಗಲ್ಲ ಬಿಡಿ, ಶ್ರದ್ಧಾಂಜಲಿ ಫೋಟೋದಲ್ಲಿ ದಿನಾಂಕ ಮೂಡಿಬಿಟ್ಟಿದೆ ಎಂದರು. ಊರು, ದಿನ ಎಲ್ಲ ಸರಿಯಾಗಿ ಮೂಡಲೆಂದು ಎರಡು ಸಲ ಮೌನವಾಗಿ ನಿಂತಿದ್ದೆವಲ್ಲ.

ಒತ್ತಿದವನು ನಾನು, ನನ್ನ ಹೆಸರನ್ನೇ ಬರೆದುಕೊಳ್ಳಿ ಎಂದೆ. ನಿಮ್ಮ ವಿದ್ಯಾರ್ಹತೆ ಎಂದು ಕೇಳಿದರು. ಎಸ್ಸೆಸ್ಸೆಲ್ಸಿ ಎಂದೆ. ಗಣಿತದ ವಿಷಯ ಹೇಳಲಿಲ್ಲ. ಅವರು ತಲೆ ಹಿಡಿದುಕೊಂಡರು. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ನಸ್ರೀನ್ ಅನುಮತಿಯಿಲ್ಲದೆ ಒಳಗೆ ಬಂದಳು. “ಸರ್, ಅಂಕಲ್ ಟೀಚರ್ ಅಲ್ವೇ ಅಲ್ಲ ಸರ್. ಅಂಕಲ್ ಸ್ಟೂಡೆಂಟು. ಮೇಡಂ ಇದ್ದಾಗಿಂದಾನೂ ಅಷ್ಟೇ.”

ಸವಿತಾ ಅಷ್ಟು ಹೊತ್ತೂ ಸುಮ್ಮನೆ ರೆಕಾರ್ಡು ತಿರುವುತ್ತಿದ್ದರು. ಒಂದನ್ನು ತೆರೆದು ಪ್ರಾಂಶುಪಾಲರ ಮುಂದಿಟ್ಟು, ಪುಟದ ಕೆಳಗೆ ಬೆರಳಿಟ್ಟರು. ಅಲ್ಲಿ ‘ವಿದ್ಯಾರ್ಥಿಯ ಹಿಮ್ಮಾಹಿತಿ’ ಎಂಬ ಕಾಲಂ ಇತ್ತು. “ಇದು ದೇವ್ರಾಣಿಗೂ ಯಾರೂ ತುಂಬೂದಿಲ್ರಿ ಸರ್. ಹುಡುಗೂರು ತಾವ ಬರ್ಕೋತಾರ, ಪಾಠ ಭಾಳ ಚೊಲೋ ಆತು ಅಂತ. ಇವ್ರು ಕೇಳಿದ್ದು ನೋಡ್ರಿ, ಖರೇನ ಪ್ರಶ್ನೆ ಅದಾವ. ಇಲ್ಲಿ ಹಾಕೋಣ್ರಿ.”

ಅನುಮತಿಯ ಕಾಲಂ ಏನು ಮಾಡುವುದೆಂದು ಪ್ರಾಂಶುಪಾಲರು ಕೇಳಿದರು.

“ಹುದ್ದೆ ಖಾಲಿ ಇತ್ತು ಅಂತ ಬರೀರಿ ಸರ್. ಖಾಲಿ ಇತ್ತಲ್ರಿ. ಪಾಠ ಆಗ್ಯಾವ, ಸಾಲಿ ಮಾಸ್ತರು ಹಿಂದ ಕುಂತು ನೋಡಿ ಸಹಿ ಮಾಡ್ಯಾರ. ಯೋಜನೆ ಎಲ್ಲಾ ನಾ ಈಗ ನೋಡ್ತೀನಿ, ಇವತ್ತಿನ ತಾರೀಖು ಹಾಕಿ ನಾ ಸಹಿ ಮಾಡ್ತೀನಿ.”

ಪ್ರಾಂಶುಪಾಲರು ಬಹಳ ಹೊತ್ತು ಯೋಚಿಸಿದರು. ಇದ್ದದ್ದನ್ನು ಇದ್ದ ಹಾಗೆ ಬರೆಯುವ ದಾರಿ ಅವರಿಗೆ ತೋಚಿರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಒಪ್ಪಿದರು. ನಾನು ಹದಿನೆಂಟು ರೆಕಾರ್ಡುಗಳಲ್ಲಿ ನಾನು ಕೇಳಿದ್ದನ್ನೆಲ್ಲ ನನ್ನ ಕೈಯಲ್ಲೇ ಬರೆದು ಕೆಳಗೆ ಸಹಿ ಹಾಕಿದೆ. ತರಗತಿ ಎಂಬ ಕಡೆ ಎಂಟು ಎಂದು ಬರೆದೆ. ವಯಸ್ಸು ಎಂಬ ಜಾಗವೂ ಇತ್ತು, ಅರವತ್ತೊಂದು. ಸಮಿತಿಯವರು ಅದನ್ನು ನೋಡಿ ಏನೂ ಕೇಳಲಿಲ್ಲವಂತೆ. ಓದಿದರೋ ಇಲ್ಲವೋ.

ಒಂದು ಕೆಲಸ ಉಳಿದಿತ್ತು. ಗುಂಪಿಗೆ ಸವಿತಾ ಅಡ್ಮಿನ್ ಆಗಬೇಕು, ವನಜಾಳ ನಂಬರು ಹೊರಗೆ ಬರಬೇಕು. ಆಕೆ, “ಇರ್ಲಿ ಬಿಡ್ರಿ, ಮೇಡಂ ಹೆಸರು ಅಲ್ಲೇ ಇರ್ಲಿ” ಎಂದರು. ನನಗೂ ಹಾಗೇ ಬಿಡುವ ಆಸೆ ಇತ್ತು. ಆದರೆ ಆ ಫೋನು ಗುರ್ ಎಂದಾಗಲೆಲ್ಲ ನಾನು ‘ನೋಡಿದೆ’ ಎಂದು ಬರೆಯುತ್ತೇನೆ, ನನ್ನ ಕೈ ನನಗೆ ಗೊತ್ತು. ಹದಿನೆಂಟು ಜನ ನನ್ನಿಂದಾಗಿ ಒಮ್ಮೆ ಸಿಕ್ಕಿಕೊಂಡದ್ದು ಸಾಕು. ಬೇಡ ಮೇಡಂ, ನಾನೇ ಮಾಡುತ್ತೇನೆ ಎಂದೆ.

ಮನೆಗೆ ಬಂದು ಎರಡೂ ಫೋನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡೆ. ಅವಳ ಫೋನಿನಿಂದ ಸವಿತಾರನ್ನು ಅಡ್ಮಿನ್ ಮಾಡಿದೆ. ಆಮೇಲೆ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದೆ. ಗುಂಪಿಗೆ ನನ್ನ ನಂಬರು ಸೇರಿಸಿದೆ. ಪಕ್ಕದಲ್ಲಿದ್ದ ನನ್ನ ಫೋನು ಟಿಂಗ್ ಎಂದಿತು. ಕನ್ನಡಕ ಹಾಕಿಕೊಂಡು ಓದಿದೆ. ‘ವನಜಾ ನಿಮ್ಮನ್ನು ಸೇರಿಸಿದ್ದಾರೆ.’

ಕೇಳಿದಾಗ ಸೇರಿಸಿರಲಿಲ್ಲ. ಈಗ ಸೇರಿಸಿದಳು. ಅದನ್ನು ಎರಡು ಸಲ ಓದಿ, ಅವಳ ಫೋನು ತೆಗೆದುಕೊಂಡು ಅವಳನ್ನು ಹೊರಗೆ ತಂದೆ. ನನ್ನ ಫೋನಿನಲ್ಲಿ ಅದರ ಕೆಳಗೇ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಬಂತು. ‘ವನಜಾ ಹೊರಹೋದರು.’

ಇಡ್ಲಿಯ ವಿಷಯಕ್ಕೆ ಬರುತ್ತೇನೆ. ಭಾನುವಾರ ಒಲೆಯ ಮುಂದೆ ನಿಂತವನು ಬಹಳ ಯೋಚಿಸಿ, ರಬ್ಬರ್ ಬ್ಯಾಂಡು ಸುತ್ತಿದ್ದ ಮೇಲಿನೆರಡು ತಟ್ಟೆಗಳನ್ನು ಹಾಗೇ ಜೋಡಿಯಾಗಿ ಕಂಬದಿಂದ ಎತ್ತಿ ಪಕ್ಕಕ್ಕಿಟ್ಟೆ. ಕೆಳಗಿನೆರಡಕ್ಕೆ ಹಿಟ್ಟು ಹುಯ್ದೆ. ಎಂಟು ಇಡ್ಲಿ. ಒಬ್ಬನಿಗೆ ಅದೇ ಹೆಚ್ಚು.

ಬೇಯುವವರೆಗೆ ಏನು ಮಾಡುವುದು? ಒಳ್ಳೆಯ ಗುಲಾಬಿಯೊಂದನ್ನು ಆರಿಸಿ ‘ಗಣಿತ ವಿಧಾನ’ ಗುಂಪಿಗೆ ಕಳಿಸಲು ಹೋದೆ. ಬರೆಯುವ ಜಾಗವೇ ಇರಲಿಲ್ಲ. ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು ಎಂದಿತ್ತು. ಸವಿತಾ ಮೇಡಂ ಬೀಗ ಹಾಕಿದ್ದರು. ಒಳ್ಳೆಯ ಟೀಚರು, ಆರು ತಿಂಗಳೊಳಗೆ ನಮ್ಮನ್ನು ಅರ್ಥ ಮಾಡಿಕೊಂಡಿದ್ದಾರೆ.

ಆರಿಸಿದ ಗುಲಾಬಿ ಹಾಳಾಗಬಾರದೆಂದು ಅದನ್ನು ವನಜಾಗೇ ಕಳಿಸಿದೆ. ಅವಳ ಫೋನು ಅಲ್ಲೇ ಅಕ್ಕಿ ಡಬ್ಬಿಯ ಮೇಲಿತ್ತು. ದಿನಾ ಚಾರ್ಜಿಗೆ ಹಾಕುತ್ತೇನೆ. ಅದು ಗುರ್ ಅನ್ನಲಿಲ್ಲ, ಮಿಸುಕಲಿಲ್ಲ. ನನ್ನನ್ನು ಯಾವಾಗಲೂ ಮ್ಯೂಟಿನಲ್ಲಿ ಇಟ್ಟಿದ್ದಾಳಲ್ಲ. ತೆಗೆಯುವುದು ನನಗೆ ಗೊತ್ತು, ಒಂದೇ ಒತ್ತು. ತೆಗೆದಿಲ್ಲ.